ಬೋಲೆಯಲ್ಲಿ ಸತ್ತವನು

"ಮುಖ ಸರಿಯಾಗಿ ನೋಡಿ ಹೇಳಿ, ಮೇಡಂ." ಆಡಿಸ್ ಅಬಾಬಾದ ಬೋಲೆ ವಿಮಾನ ನಿಲ್ದಾಣದ ಅಧಿಕಾರಿ ವಿಡಿಯೋ ಕರೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿಕೊಂಡ. ವಿಮಾನ ಬದಲಿಸಲು ಕಾಯುತ್ತಿದ್ದ ಪ್ರಯಾಣಿಕನೊಬ್ಬ ಕುರ್ಚಿಯಲ್ಲೇ ಪ್ರಾಣ ಬಿಟ್ಟಿದ್ದ. ಜೇಬಿನಲ್ಲಿದ್ದುದು ನಿತ್ಯಾನಂದ ಎಂಬ ಹೆಸರಿನ ಪಾಸ್‌ಪೋರ್ಟ್. "ಇದರ ಫೋಟೊ ಹಳೆಯದು. ಮನೆಯವರೇ ಗುರುತಿಸಬೇಕು."

ಇತ್ತ ಸಮುದ್ರದಾಚೆ, ಮಾಂಟ್ ಕಿಯಾರಾ ಬಡಾವಣೆಯ ಫ್ಲ್ಯಾಟಿನಲ್ಲಿ ಸರೋಜ ಬಲಗೈಯಲ್ಲಿ ಫೋನ್ ಹಿಡಿದು ಕೂತಿದ್ದಳು. ಎಡಗೈ ಪ್ಲಾಸ್ಟರಿನಲ್ಲಿತ್ತು. ಕೆಲಸದ ಮೇಲೆ ಆಫ್ರಿಕಾಕ್ಕೆ ಹೊರಡುವ ಮುಂಚೆ ಗಂಡ ನಿತ್ಯಾನಂದ ತಿರುಚಿದ್ದ ಕೈ ಅದು. "ಇನ್ನೊಂದು ಬಾಕಿ ಇದೆ, ಬಂದಮೇಲೆ ನೋಡ್ಕೋತೀನಿ" ಎಂದು ಹೇಳಿಯೇ ಹೋಗಿದ್ದ.

ಅಲ್ಲಿ ಯಾರೋ ಹೆಣದ ಮುಖದಿಂದ ಬಿಳಿ ಬಟ್ಟೆ ಸರಿಸಿದರು. ಅದೇ ಪ್ರಾಯ, ಅದೇ ಬಣ್ಣ. ಆದರೆ ಅವನಲ್ಲ. ಪಾಸ್‌ಪೋರ್ಟನ್ನು ಈತ ಕದ್ದಿದ್ದನೋ, ಕೊಂಡಿದ್ದನೋ. ನಿತ್ಯಾನಂದ ಎಲ್ಲೋ ಬದುಕಿದ್ದ. ಇವತ್ತಲ್ಲ ನಾಳೆ ಬಂದೇ ಬರುತ್ತಿದ್ದ. ಸತ್ತವನೆಂದು ದಾಖಲಾದರೆ ಮಾತ್ರ ಅಷ್ಟು ಸುಲಭವಾಗಿ ಗಡಿ ದಾಟಲಾರ.

"ಯೆಸ್," ಎಂದಳು ಸರೋಜ. "ನನ್ನ ಗಂಡ."

"ಇಲ್ಲಿ ಕೊಡು." ಪಕ್ಕದಲ್ಲಿದ್ದ ಅತ್ತೆ ಕಾಂತಮ್ಮ ಕೈ ಚಾಚಿದರು.

ಸರೋಜ ವಿಧಿಯಿಲ್ಲದೆ ಫೋನ್ ಕೊಟ್ಟಳು. ಮಗ ಕೈಯೆತ್ತಿದಾಗಲೆಲ್ಲ ಟೀವಿಯ ಸದ್ದು ಹೆಚ್ಚಿಸಿಕೊಂಡು ಕೂರುತ್ತಿದ್ದವರು ಇವರು. ಆದರೆ ಕಣ್ಣಿಗೆ ಪೊರೆ ಬಂದಿತ್ತು. ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಕಾಂತಮ್ಮ ಫೋನನ್ನು ಮುಖಕ್ಕೆ ಹತ್ತಿರ ತಂದು ಬಹಳ ಹೊತ್ತು ನೋಡಿದರು. "ನನ್ನ ಮಗನೇ," ಎಂದು ಬಿಕ್ಕಿ ಬಿಕ್ಕಿ ಅತ್ತರು. ಕನ್ನಡ ತಿಳಿಯದ ಅಧಿಕಾರಿಯೂ ತಲೆ ತಗ್ಗಿಸಿದ. ಕರೆ ಮುಗಿಯಿತು.

ಅಳು ಮಾತ್ರ ಮುಗಿಯಲಿಲ್ಲ. ಮಾಮಕ್ ಊಟದಂಗಡಿಯಿಂದ ತಪಾವ್ ಕಟ್ಟಿಸಿ ತರಿಸಿದ್ದ ಅನ್ನ ಪೊಟ್ಟಣದಲ್ಲೇ ತಣ್ಣಗಾಯಿತು. ಬದುಕಿರುವ ಮಗನಿಗಾಗಿ ಮುದುಕಿ ಹೀಗೆ ಕರಗಿಹೋಗುವುದನ್ನು ಸರೋಜಳಿಗೆ ನೋಡಲಾಗಲಿಲ್ಲ. ಆಗಿದ್ದಾಗಲಿ ಎಂದು ಅವರ ಕಾಲ ಬಳಿ ಕುಸಿದಳು.

"ಅತ್ತೆ, ತಪ್ಪಾಯ್ತು. ಸುಳ್ಳು ಹೇಳ್ದೆ. ಅದು ಅವರಲ್ಲ."

ಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ತುಂಬಿಕೊಂಡವು.

"ಗೊತ್ತು ಕಣೇ. ಎದ್ದು ಬಟ್ಟೆ ತುಂಬು, ಅವನು ಬರೋದ್ರೊಳಗೆ ಇಬ್ರೂ ಹೊರಟುಬಿಡೋಣ. ನಾನು ಅಳ್ತಿರೋದು ಸತ್ತ ಆ ಹುಡುಗನ ತಾಯಿಗೋಸ್ಕರ. ಪಾಪ, ಅವಳು ಇನ್ನು ಕಾಯ್ತಾನೇ ಇರ್ತಾಳೆ."