ಅಣ್ಣನ ಹಳೆಯ ಟೈ

ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒದ್ದೆ ಬಟ್ಟೆ ಚುರ್ರೆಂದು ಹಬೆ ಬಿಟ್ಟರೆ ಈಗಲೂ ನನಗೆ ತಮಿಳು ಸೀಮೆಯ ವಡಪಳನಿಯಲ್ಲಿದ್ದ ನಮ್ಮ ಮನೆಯ ಒಂದು ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಮರುದಿನ ಶಾಲೆಯ ಪೆರೇಡ್‌ನಲ್ಲಿ ನಮ್ಮ ತಂಡದ ಮುಂದೆ ನಡೆಯಬೇಕಾದವಳು ನಾನು. ಅಣ್ಣನಿಗೆ ಹೊಸದು ಬಂದು, ಅವನು ಹಾಕಿ ಬಿಟ್ಟ ಟೈ ನನ್ನ ಪಾಲಿಗೆ ಬಂದಿತ್ತು. ಅದು ಹಗ್ಗದ ಹಾಗೆ ತಿರುಚಿಕೊಂಡಿತ್ತು, ತುದಿ ಸವೆದು ನೂಲು ಎದ್ದಿತ್ತು.

"ಚಿತ್ತಿ, ಇದು ಸರಿ ಆಯಿಡುಮಾ?" ಸರಿಹೋಗುತ್ತದೆಯೇ ಎಂದು ಚಿಕ್ಕಮ್ಮನನ್ನು ತಮಿಳಿನಲ್ಲೇ ಕೇಳಿದೆ.

ಸಿನಿಮಾ ಸ್ಟುಡಿಯೋದಲ್ಲಿ ಉಡುಪು ಹೊಲಿಯುತ್ತಿದ್ದ ಚಿಕ್ಕಮ್ಮ ಟೈಯ ಬೆನ್ನಿನ ಹೊಲಿಗೆ ಬಿಚ್ಚಿದಳು. ಒಳಗಿನ ಬಟ್ಟೆ ಜೀವ ಕಳೆದುಕೊಂಡು ಮೆತ್ತಗಾಗಿತ್ತು. ಅದನ್ನು ತೆಗೆದು ಒರಟು ಕ್ಯಾನ್ವಾಸನ್ನು ಓರೆಯಾಗಿ ಕತ್ತರಿಸಿ ಇಟ್ಟಳು. ಸವೆದ ತುದಿಯೊಳಗೆ ಇನ್ನೊಂದು ತುಂಡು ಸೇರಿಸಿದಳು. ಆಮೇಲೆ ಸೂಜಿಯನ್ನು ನನ್ನ ಕೈಗೆ ಕೊಟ್ಟಳು.

"ನಾನಾ?"

"ನೀನೇ. ಹಾಕ್ಕೊಳ್ಳೋಳು ನೀನಲ್ವಾ? ದಾರ ಬಿಗಿಯಾಗಿ ಎಳೀಬೇಡ ಕಣೇ. ಗಂಟು ಹಾಕಿದಾಗ ಅದೂ ಸ್ವಲ್ಪ ಬಗ್ಗಬೇಕು. ಬಿಗಿದ್ರೆ ಮತ್ತೆ ತಿರುಚಿಕೊಳ್ಳತ್ತೆ."

ನನ್ನ ಹೊಲಿಗೆಗಳು ಸೊಟ್ಟಗೆ ಬಂದವು. ಬಿಚ್ಚು ಎಂದು ಅವಳು ಹೇಳಲಿಲ್ಲ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಟೈಯನ್ನು ಮುಷ್ಟಿಗೆ ಸುತ್ತಿ ಎಳೆದು ಬಿಟ್ಟಳು. ಅದು ನೆಟ್ಟಗೆ ಇಳಿಬಿದ್ದಿತು.

ಮರುದಿನ ಬಿಸಿಲಿನಲ್ಲಿ ಮೈದಾನ ಸುತ್ತಿ ಬಂದರೂ ಟೈ ಮುದುರಲಿಲ್ಲ. ಸಂಜೆ ಅಣ್ಣ ಅದನ್ನು ಬೆರಳಲ್ಲಿ ಒತ್ತಿ ನೋಡಿದ.

"ಇದು ನಂದಲ್ವಾ? ಕೊಡೇ, ನಾನೇ ಹಾಕ್ಕೋತೀನಿ."

"ಈಗ ನಂದು," ಎಂದೆ. "ನಿನ್ನ ಹೊಸದು ಹಾಳಾದ ಮೇಲೆ ತಾ. ಹೊಲಿದುಕೊಡ್ತೀನಿ."