ನಿನ್ನೆಯ ಅನ್ನ

ಸಿಂಧನೂರಿನ ಬಸ್ ಸ್ಟ್ಯಾಂಡ್ ಮುಂದೆ ಸೋಯಾ ಸಾಸ್ ವಾಸನೆ ಬಡಿದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಚೈನೀಸ್ ಬಂಡಿಯಲ್ಲಿ ಕೆಲಸ ಮಾಡುತ್ತಿದ್ದ ಅಣ್ಣ ಕಾಲುವೆಗೆ ಬಿದ್ದು ತೀರಿಕೊಂಡು ಮೂರನೆಯ ದಿನ. ಅವನು ಮನೆಯಲ್ಲಿ ಹಂದಿ ಮಾಂಸದ ಫ್ರೈಡ್ ರೈಸ್ ಮಾಡಹೊರಟಾಗಲೆಲ್ಲ ಅವ್ವ ಅವನನ್ನು ಹಿತ್ತಲಿಗೆ ಅಟ್ಟುತ್ತಿದ್ದಳು. ಅಂದು ಅವನ ಎಡೆಗೆಂದು ಅದನ್ನೇ ತನ್ನ ಒಲೆಯ ಮೇಲೆ ಮಾಡಿದಳು.

"ಏನವಾ, ಎಡಿಗೆ ಹಂದಿ ಇಡ್ತಾರೇನು?" ಎಂದು ದೊಡ್ಡಪ್ಪ ಗದರಿದ.

"ಅವಂಗ ಇದು ಸೇರ್ತಿತ್ತು, ಭಾವಾ."

"ನಿನ್ನಿ ಅನ್ನನs ಬೇಕು, ಬಿಸಿದು ಮುದ್ದಿ ಆಗ್ತೈತಿ" ಎಂದು ಅಣ್ಣ ಹೇಳುತ್ತಿದ್ದ. ಆದರೆ ಸಾವಿನ ಮನೆಯಲ್ಲಿ ಹಿಂದಿನ ದಿನ ಒಲೆಯನ್ನೇ ಹಚ್ಚಿರಲಿಲ್ಲ. ಬಿಸಿ ಅನ್ನ ಬಾಣಲೆಗೆ ಅಂಟಿ ಮುದ್ದೆಯಾಯಿತು.

ಹಂದಿ ತಿನ್ನದ ಅವ್ವ ಒಂದು ತುತ್ತು ನನ್ನ ಅಂಗೈಗೆ ಹಾಕಿದಳು.

"ಅವ ಮಾಡಿದಂಗ ಐತೇನು?"

ಅಂಗೈ ಸುಡುತ್ತಿತ್ತು.

"ಹಂಗs ಐತಿ ಬೇ," ಎಂದೆ.