ತಿಮಿಂಗಿಲಕ್ಕೆ ಕುಂಕುಮ

ಆಯುಧಪೂಜೆಯ ದಿನ ಕಾಲೇಜಿನ ಮ್ಯೂಸಿಯಂನಲ್ಲಿ ಸುತ್ತಿಗೆ, ತಕ್ಕಡಿ, ಬೀರು ಎಲ್ಲವನ್ನೂ ಒರೆಸಿ ಕುಂಕುಮವಿಟ್ಟ ಕಸಗುಡಿಸುವ ದ್ಯಾವಮ್ಮನಿಗೆ ತಿಮಿಂಗಿಲದ ಮೂಳೆಯೊಂದನ್ನೇ ಬಿಡಲು ಮನಸ್ಸಾಗಲಿಲ್ಲ. ಗಾಜಿನ ಪೆಟ್ಟಿಗೆಯಿಂದ ಎತ್ತಿಕೊಂಡಳು. ಒದ್ದೆ ಕೈ ಜಾರಿತು. ಮೂಳೆ ಬಿದ್ದು ಎರಡು ಹೋಳಾಯಿತು.

ಅವಳು ಎರಡೂ ಹೋಳುಗಳನ್ನು ಆಯ್ದುಕೊಂಡಳು. ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋದ ಜೀವ. ಇಡೀ ಲೋಕದಲ್ಲಿ ಅದರದೆಂದು ಉಳಿದಿರುವುದು ಈ ದವಡೆಯ ತುಂಡೊಂದೇ, ಅದನ್ನು ಹುಡುಕಿದವನು ತಾನೇ ಎಂದು ಪ್ರೊಫೆಸರು ಬಂದವರಿಗೆಲ್ಲ ಹೇಳುವುದನ್ನು ಇಪ್ಪತ್ತು ವರ್ಷದಿಂದ ಕೇಳಿದವಳು ಅವಳು.

ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಪ್ರೊಫೆಸರೇ!

"ತೆಪ್ಪಾಯ್ತು ಸಾ! ಹೊಟ್ಟೆ ಮ್ಯಾಲೆ ಹೊಡೀಬ್ಯಾಡಿ," ಎಂದು ದ್ಯಾವಮ್ಮ ಅವರ ಕಾಲಿಗೆ ಬಿದ್ದಳು.

ಅವರು ಬೈಯಲಿಲ್ಲ. ಬಾಗಿಲು ಮುಚ್ಚಿ ಚಿಲಕ ಹಾಕಿದರು.

"ಯಾರಾದ್ರೂ ನೋಡಿದ್ರೇನಮ್ಮಾ?"

"ಯಾರೂ ಇಲ್ಲ ಸಾ. ನಾನೇ ಅಂಟಿಸ್ಕೊಡ್ತೀನಿ, ಗುರ್ತೇ ಸಿಗಾಕಿಲ್ಲ. ಹೋದ್ ವರ್ಸ ನಮ್ಮನೆ ಗಣಪತಿ ಸೊಂಡ್ಲು ಮುರ್ದಾಗ್ಲೂ ನಾನೇ ಅಂಟ್ಸಿದ್ದು. ಇದೂ ಅದ್ರಂಗೇ ಅಲ್ವಾ ಸಾ, ಒಳಗೆಲ್ಲ ಬೆಳ್ಳಗೆ ಪ್ಲಾಸ್ಟರು?"

ಪ್ರೊಫೆಸರು ಅವಳ ಕಾಲಿಗೆ ಬಿದ್ದರು.